ಸಂಘದ ಸಭೆಗೆ ಹೋದರೆ ಲೈಸೆನ್ಸ್ ಸಿಗುತ್ತದೆಯೇ? ಕಂಡ ದೋಷವನ್ನು ಅಲ್ಲಿ ಹೇಳಬಹುದೇ?

ಪ್ರಶ್ನೆ: ನಾನು ದಾವಣಗೆರೆಯವಳು. ಅಲ್ಲಿ ಸಿವಿಲ್ ಬಿ.ಇ. ಮುಗಿಸಿ, ಅಮೆರಿಕದಲ್ಲಿ ಎಂ.ಎಸ್. ಮಾಡಿ, ಎರಡೂವರೆ ವರ್ಷಗಳಿಂದ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಒಂದು ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಲೈಸೆನ್ಸಿನ ಮೊದಲ ಮೆಟ್ಟಿಲಾದ ಎಫ್‌ಇ ಪರೀಕ್ಷೆ ಪಾಸಾಗಿದೆ, ಎಂಜಿನಿಯರ್ ಲೈಸೆನ್ಸಿಗೆ ಬೇಕಾದ ಪಿಇ ಇನ್ನೂ ಆಗಿಲ್ಲ. ನಮ್ಮ ಕಂಪನಿಯೇ ಶುಲ್ಕ ಕಟ್ಟಿ ಉತ್ತರ ಕ್ಯಾಲಿಫೋರ್ನಿಯಾದ ಸ್ಟ್ರಕ್ಚರಲ್ ಎಂಜಿನಿಯರ್‌ಗಳ ಸಂಘಕ್ಕೆ ನನ್ನನ್ನು ಸದಸ್ಯೆಯಾಗಿ ಸೇರಿಸಿದೆ. ತಿಂಗಳ ಸಭೆಗಳಿಗೆ ಹೋಗುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ, ಅರ್ಧ ಉಪನ್ಯಾಸ ತಲೆಗೆ ಹತ್ತುವುದಿಲ್ಲ. ಒಬ್ಬ ಸಹೋದ್ಯೋಗಿ ಸದಸ್ಯತ್ವ ಇದ್ದರೆ ಎಸ್‌ಇ, ಅಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಲೈಸೆನ್ಸ್, ಸುಲಭವಾಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಅದು ಕಂಪನಿಗಳ ಪ್ರಚಾರದ ಕೂಟ, ಸಮಯ ಹಾಳು ಎನ್ನುತ್ತಾರೆ. ಲೋಕೋಪಯೋಗಿ ಇಲಾಖೆಯಲ್ಲಿದ್ದು ನಿವೃತ್ತರಾದ ನನ್ನ ಅಪ್ಪ, ಸಂಘವೆಂದರೆ ಹಾರ, ಶಾಲು, ಸನ್ಮಾನ ಇಷ್ಟೇ ಎನ್ನುತ್ತಾರೆ. ಈ ನಡುವೆ ನಾನು 1960ರ ದಶಕದ ಒಂದು ಕಾಂಕ್ರೀಟ್ ಕಟ್ಟಡದ ಭೂಕಂಪ ಪರಿಶೀಲನೆಯಲ್ಲಿ ಕೆಲಸ ಮಾಡಿದೆ. ಅದರ ಕಾಲಂಗಳು ದೊಡ್ಡ ಕಂಪನ ತಾಳುವಂತೆ ಕಾಣುವುದಿಲ್ಲ. ಮಾಲೀಕರು ವರದಿ ಪಡೆದು ಸುಮ್ಮನಾಗಿದ್ದಾರೆ. ಈ ವಿಷಯವನ್ನು ಸಂಘದ ಸಮಿತಿಯಲ್ಲಿ ಎತ್ತಬಹುದೇ? ಎತ್ತಿದರೆ ನನ್ನ ಕೆಲಸಕ್ಕೆ ತೊಂದರೆಯಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಬುಡದಲ್ಲಿ ನನಗೆ ಕಂಡದ್ದು ಒಂದೇ ಆತಂಕ: ಅನುಭವಿಗಳು ತುಂಬಿದ ಆ ಕೋಣೆಯಲ್ಲಿ ಬಾಯಿ ತೆರೆಯುವ ಅಧಿಕಾರ ನಿಮಗಿದೆಯೇ, ತೆರೆದರೆ ಏನಾಗುತ್ತದೆ ಎಂಬುದು. 1993ರಲ್ಲಿ ನಾನೂ ಅದೇ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಕಟ್ಟಡದ ಪ್ರಶ್ನೆಯೇ ಇವುಗಳಲ್ಲಿ ಮುಖ್ಯವಾದದ್ದು; ಅದಕ್ಕೆ ಉತ್ತರಿಸುವ ಮೊದಲು ಸಂಘವೆಂದರೆ ಏನು, ಏನಲ್ಲ ಎಂಬುದನ್ನು ಹೇಳಬೇಕಾಗುತ್ತದೆ.

ಸದಸ್ಯತ್ವಕ್ಕೂ ಲೈಸೆನ್ಸಿಗೂ ಯಾವ ಸಂಬಂಧವೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಕೊಡುವುದು ಸರ್ಕಾರದ ಮಂಡಳಿ. ಆ ವ್ಯವಸ್ಥೆ ಹುಟ್ಟಿದ್ದಕ್ಕೂ ಒಂದು ದುರಂತವೇ ಕಾರಣ: 1928ರ ಮಾರ್ಚ್ 12ರ ನಡುರಾತ್ರಿ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು, ಮರುವರ್ಷವೇ ಸಿವಿಲ್ ಎಂಜಿನಿಯರ್‌ಗಳ ನೋಂದಣಿ ಕಾನೂನು ಬಂತು. ನೀವು ಮೊದಲು ಸಿವಿಲ್ ಪಿಇ ಆಗಬೇಕು, ಅದರಲ್ಲಿ ಈ ರಾಜ್ಯದ್ದೇ ಆದ ಭೂಕಂಪ ಮತ್ತು ಸರ್ವೇ ಪರೀಕ್ಷೆಗಳೂ ಸೇರಿವೆ. ಆ ಬಳಿಕ ಮೂರು ವರ್ಷ ಹೊಣೆ ಹೊತ್ತು ಸ್ಟ್ರಕ್ಚರಲ್ ಕೆಲಸ ಮಾಡಿ, ಅದನ್ನು ಹತ್ತಿರದಿಂದ ಬಲ್ಲ ಎಸ್‌ಇಗಳಿಂದ ದೃಢೀಕರಣ ಪಡೆದು ಎಸ್‌ಇ ಪರೀಕ್ಷೆಗೆ ಕೂರಬೇಕು. ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಸತ್ಯದ ಒಂದು ಎಳೆ ಇರುವುದು ಈ ದೃಢೀಕರಣದಲ್ಲಿ: ಸಂಘದಲ್ಲಿ ಎಸ್‌ಇಗಳ ಪರಿಚಯವಾಗುತ್ತದೆ. ಆದರೆ ಊಟದ ಮೇಜಿನಲ್ಲಿ ಪರಿಚಯವಾದವರು ನಿಮ್ಮ ಲೆಕ್ಕಾಚಾರವನ್ನು ಕಂಡಿರುವುದಿಲ್ಲ, ಆದ್ದರಿಂದ ಅವರು ಸಹಿ ಹಾಕಲಾರರು, ನೀವು ಕೇಳಲೂ ಬಾರದು. ವಿದೇಶಿ ಪದವಿಗೆ ಅನುಭವದ ವರ್ಷಗಳನ್ನು ಎಣಿಸುವ ಕ್ರಮ ಬೇರೆ ಇರುವುದರಿಂದ, ನಿಮ್ಮ ಬಿ.ಇ.ಯನ್ನು ಹೇಗೆ ಪರಿಗಣಿಸುತ್ತಾರೆಂದು ಮಂಡಳಿಯನ್ನೇ ಈಗಲೇ ಕೇಳಿಕೊಳ್ಳಿ.

ಇನ್ನು ಪ್ರಚಾರದ ಕೂಟ ಎಂಬ ಮಾತು. ಬೋಲ್ಟು, ಅಲುಗಾಟ ತಗ್ಗಿಸುವ ಡ್ಯಾಂಪರ್, ಸಾಫ್ಟ್‌ವೇರ್ ಮಾರುವವರು ಸಭೆಯ ಖರ್ಚಿನಲ್ಲಿ ಪಾಲು ಹಾಕಿ ಬಾಗಿಲಲ್ಲಿ ಮೇಜು ಇಟ್ಟುಕೊಳ್ಳುವುದು ಉಂಟು, ಕಂಪನಿಗಳು ಯುವ ಎಂಜಿನಿಯರ್‌ಗಳನ್ನು ಹುಡುಕುವುದೂ ಉಂಟು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ತಿಂಗಳ ಸಭೆಯನ್ನಷ್ಟೇ ನೋಡಿದವರಿಗೆ ಅದೇ ಸಂಘವೆನಿಸಿದರೆ ತಪ್ಪೂ ಅಲ್ಲ. ಸಂಘದ ನಿಜವಾದ ಕೆಲಸ ನಡೆಯುವುದು ಸಮಿತಿಗಳಲ್ಲಿ, ಸಂಜೆ ಆಫೀಸು ಮುಗಿದ ಮೇಲೆ ಏಳೆಂಟು ಜನ ಒಂದು ಕರಡು ಹಿಡಿದುಕೊಂಡು ಕೂರುವ ಕಡೆ. ಅದು ಏನನ್ನು ಮಾಡಿದೆ ಎಂಬುದನ್ನು ತಿಳಿಯದೆ ನಿಮ್ಮ ಸಮಯ ಹಾಳಾಗುತ್ತಿದೆಯೇ ಇಲ್ಲವೇ ಎಂದು ನಿರ್ಧರಿಸಲಾಗದು.

ಲಾಸ್ ಏಂಜಲಿಸ್ ಕಡೆಯ ಎಂಜಿನಿಯರ್‌ಗಳು 1929ರಲ್ಲೂ ನಿಮ್ಮ ಉತ್ತರ ಕ್ಯಾಲಿಫೋರ್ನಿಯಾದವರು 1930ರಲ್ಲೂ ಸಂಘ ಕಟ್ಟಿಕೊಂಡರು, 1932ರಲ್ಲಿ ಇವು ಸೇರಿ ರಾಜ್ಯ ಸಂಘವಾಯಿತು. ಇಂದು ಸ್ಯಾಕ್ರಮೆಂಟೊ ಮತ್ತು ಸ್ಯಾನ್ ಡಿಯೇಗೊ ಭಾಗದ ಸಂಘಗಳೂ ಸೇರಿ ನಾಲ್ಕು ಪ್ರಾದೇಶಿಕ ಸಂಘಗಳಿವೆ. ರಾಜ್ಯ ಸಂಘ ಹುಟ್ಟಿದ ಮರುವರ್ಷ, 1933ರ ಮಾರ್ಚ್ 10ರ ಸಂಜೆ ಆರು ಗಂಟೆಯ ಹೊತ್ತಿಗೆ ಲಾಂಗ್ ಬೀಚ್ ಭೂಕಂಪವಾಗಿ ಸುಮಾರು 120 ಜನ ಸತ್ತರು, 70 ಶಾಲೆಗಳು ನೆಲಸಮವಾದವು. ಮಕ್ಕಳು ಆಗಲೇ ಮನೆ ಸೇರಿದ್ದರು. ಕೆಲವೇ ಗಂಟೆ ಮೊದಲು ಆಗಿದ್ದರೆ ಎಂಬ ಯೋಚನೆಯೇ ಇಡೀ ರಾಜ್ಯವನ್ನು ನಡುಗಿಸಿತು, ಮತ್ತು ಒಂದೇ ತಿಂಗಳಲ್ಲಿ ಶಾಲಾ ಕಟ್ಟಡಗಳ ವಿನ್ಯಾಸ, ಪರಿಶೀಲನೆಗಳನ್ನು ಬಿಗಿಗೊಳಿಸಿದ ಫೀಲ್ಡ್ ಕಾನೂನು ಬಂತು. ಆದರೆ ಕಾನೂನು ಕಟ್ಟಡ ಗಟ್ಟಿಯಾಗಿರಲಿ ಎಂದು ಹೇಳಬಲ್ಲದು, ಎಷ್ಟು ಗಟ್ಟಿ, ಯಾವ ಲೆಕ್ಕದಲ್ಲಿ ಎಂಬುದನ್ನು ಯಾರಾದರೂ ಕೂತು ಬರೆಯಬೇಕಲ್ಲ. ಆ ಕೆಲಸವನ್ನು ಸಂಘದ ಸಮಿತಿಗಳು ಕೈಗೆತ್ತಿಕೊಂಡವು. ರಾಜ್ಯ ಸಂಘದ ಭೂಕಂಪ ಸಮಿತಿ 1959ರಲ್ಲಿ ಪಾರ್ಶ್ವ ಬಲಗಳ, ಅಂದರೆ ಭೂಕಂಪ ಕಟ್ಟಡವನ್ನು ಅಡ್ಡಲಾಗಿ ತಳ್ಳುವ ಬಲಗಳ, ಶಿಫಾರಸುಗಳನ್ನು ಪ್ರಕಟಿಸಿತು. ಅದನ್ನು ಇಲ್ಲಿ ಎಲ್ಲರೂ ಬ್ಲೂ ಬುಕ್ ಎನ್ನುತ್ತಾರೆ.

ನಿಮಗೆ ಒಂದು ವಿಷಯ ನೆನಪಿಸುತ್ತೇನೆ. ದಾವಣಗೆರೆಯ ತರಗತಿಯಲ್ಲಿ ನೀವು ಭಾರತದ ಭೂಕಂಪ ಸಂಹಿತೆಯಾದ ಐಎಸ್ 1893 ಓದಿರುತ್ತೀರಿ: ಸಣ್ಣ ಭೂಕಂಪಕ್ಕೆ ಕಟ್ಟಡಕ್ಕೆ ಹಾನಿಯಾಗಬಾರದು, ಮಧ್ಯಮ ಭೂಕಂಪಕ್ಕೆ ಗೋಡೆ, ಗಾರೆ ಬಿರುಕು ಬಿಟ್ಟರೂ ಅಸ್ಥಿಪಂಜರಕ್ಕೆ ಹೆಚ್ಚಿನ ಪೆಟ್ಟಾಗಬಾರದು, ದೊಡ್ಡ ಭೂಕಂಪಕ್ಕೆ ಕಟ್ಟಡ ಕೆಟ್ಟರೂ ಕುಸಿಯಬಾರದು. ಬ್ಲೂ ಬುಕ್ಕಿನ ಧೋರಣೆಯೂ ಇದೇ. ಅಂದರೆ ನೀವು ಹಿಂದಿನ ಸಾಲಿನಲ್ಲಿ ಕೂರುವ ಆ ಸಂಘದ ಚಿಂತನೆ ನಿಮಗೆ ಹೊಸದಲ್ಲ, ಇಪ್ಪತ್ತನೆಯ ವಯಸ್ಸಿನಲ್ಲೇ ಅದನ್ನು ಪರೀಕ್ಷೆಗಾಗಿ ಉರು ಹೊಡೆದಿದ್ದೀರಿ. ಇದನ್ನು ನಿಮ್ಮ ತಂದೆಯವರಿಗೂ ಹೇಳಿ. ಹಾರ, ಶಾಲುಗಳ ಬಗ್ಗೆ ಅವರ ಬೇಸರ ನನಗೆ ಅರ್ಥವಾಗುತ್ತದೆ, ಅವರು ಕಂಡದ್ದು ಅದನ್ನೇ ಇದ್ದೀತು. ಆದರೂ ಅವರ ಇಲಾಖೆಯ ನಕ್ಷೆಗಳನ್ನು ಆಳಿದ ಸಂಹಿತೆಗಳೂ ಸಮಿತಿಗಳಲ್ಲಿ ಕೂತ ಎಂಜಿನಿಯರ್‌ಗಳು, ಪ್ರಾಧ್ಯಾಪಕರು ಬರೆದವೇ.

ಈಗ ಉಪನ್ಯಾಸ ತಲೆಗೆ ಹತ್ತದ ವಿಷಯ. 1994ರ ಜನವರಿ 17ರ ಬೆಳಗಿನ ಜಾವ ನಾರ್ತ್‌ರಿಡ್ಜ್ ಭೂಕಂಪವಾದಾಗ ನಾನು ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಉಕ್ಕಿನ ಚೌಕಟ್ಟಿನ ಕಟ್ಟಡಗಳೆಂದರೆ ಆಗ ನಮಗೆಲ್ಲ ದೊಡ್ಡ ನಂಬಿಕೆ. ಉಕ್ಕು ಬಾಗುತ್ತದೆ, ಮುರಿಯುವುದಿಲ್ಲ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಆ ಕಟ್ಟಡಗಳಲ್ಲಿ ಒಂದೂ ಕುಸಿಯಲಿಲ್ಲ, ಆದ್ದರಿಂದ ಮೊದಲ ವಾರಗಳಲ್ಲಿ ಎಲ್ಲ ಸರಿಯಾಗಿದೆ ಎಂದೇ ಭಾವಿಸಿದ್ದೆವು. ಆಮೇಲೆ ಬೆಂಕಿ ನಿರೋಧಕ ಲೇಪವನ್ನು ಕೆರೆದು ನೋಡಿದಾಗ ಬೀಮು ಕಾಲಂಗೆ ಸೇರುವ ಜಾಗದ ವೆಲ್ಡಿಂಗ್ ಬಿರುಕು ಬಿಟ್ಟಿರುವುದು ಒಂದೊಂದಾಗಿ ಕಾಣತೊಡಗಿತು. ಹೆಚ್ಚಿನವು ಬೀಮಿನ ಕೆಳ ಫ್ಲ್ಯಾಂಜಿನಲ್ಲಿ, ಅಂದರೆ ಕೆಳಗಿನ ಅಗಲ ಪಟ್ಟಿಯಲ್ಲಿ. ಕೆಲವು ಕಡೆ ಬಿರುಕು ಕಾಲಂ ಒಳಗೇ ಹೊಕ್ಕಿತ್ತು.

ಆ ವರ್ಷದ ಒಂದು ಸಭೆಯಲ್ಲಿ ಹಿರಿಯ ಎಂಜಿನಿಯರ್ ಒಬ್ಬರು ಎದ್ದು ನಿಂತು, ಈ ಸ್ಲೈಡಿನಲ್ಲಿರುವ ಜೋಡಣೆ ನನ್ನ ವಿನ್ಯಾಸ, ಕೋಡ್ ಹೇಳಿದಂತೆಯೇ ಮಾಡಿದ್ದೆ, ಹೀಗೇಕಾಯಿತೆಂದು ನನಗೆ ಗೊತ್ತಿಲ್ಲ ಎಂದರು. ಯಾರೂ ಅವರನ್ನು ದೂರಲಿಲ್ಲ. ಅವರ ಹಿಂದೆಯೇ ಮತ್ತೊಬ್ಬರು ಎದ್ದು ತಮ್ಮ ಕಟ್ಟಡದ ಬಗ್ಗೆ ಹೇಳಿದರು. ಸಂಘದ ಬಗ್ಗೆ ನನಗಿರುವ ಗೌರವ ಆ ಸಂಜೆ ಹುಟ್ಟಿದ್ದು. ಮುಂದೆ ರಾಜ್ಯ ಸಂಘ ಇನ್ನೆರಡು ಸಂಸ್ಥೆಗಳ ಜೊತೆಗೂಡಿ ಸ್ಯಾಕ್ ಎಂಬ ಜಂಟಿ ಯೋಜನೆ ನಡೆಸಿತು. ಆಗ ಬಳಸುತ್ತಿದ್ದ ವೆಲ್ಡಿಂಗ್ ಲೋಹಕ್ಕೆ ಬಿರುಕನ್ನು ತಡೆಯುವ ಗಟ್ಟಿತನ ಕಡಿಮೆ ಇತ್ತು, ವೆಲ್ಡಿಂಗ್‌ಗೆ ಆಸರೆಯಾಗಿ ಇಟ್ಟ ಪಟ್ಟಿಯನ್ನು ತೆಗೆಯದೆ ಹಾಗೇ ಬಿಡುತ್ತಿದ್ದುದರಿಂದ ಅಲ್ಲೊಂದು ಸೀಳಿಗೆ ಜಾಗವಾಗುತ್ತಿತ್ತು, ಮೇಲಾಗಿ ಬೀಮು ಬಾಗಬೇಕಾದ ಒತ್ತಡವೆಲ್ಲ ಸರಿಯಾಗಿ ಆ ವೆಲ್ಡಿಂಗ್‌ನಲ್ಲೇ ಬಂದು ನಿಲ್ಲುತ್ತಿತ್ತು ಎಂದು ತಿಳಿಯಿತು. ಹೊಸ ಮಾರ್ಗಸೂಚಿಗಳು 2000ದಲ್ಲಿ ಹೊರಬಂದವು. ಇಂದು ನೀವು ಕಾಲಂನಿಂದ ಸ್ವಲ್ಪ ದೂರದಲ್ಲಿ ಬೀಮಿನ ಫ್ಲ್ಯಾಂಜನ್ನು ಎರಡೂ ಬದಿ ಕೊರೆದು ಸಪೂರ ಮಾಡುತ್ತೀರಲ್ಲ, ಬೀಮು ಅಲ್ಲಿ ಬಾಗಿ ಜೋಡಣೆ ಉಳಿಯಲಿ ಎಂದು, ಅದರ ಹಿಂದೆ ಈ ಕಥೆಯಿದೆ.

ತಿಂಗಳ ಸಭೆಯಲ್ಲಿ ನಿಮಗೆ ಅರ್ಧ ಅರ್ಥವಾಗದಿರುವುದಕ್ಕೆ ಕಾರಣ ನಿಮ್ಮ ಬುದ್ಧಿ ಅಲ್ಲ. ಉಪನ್ಯಾಸಕರು ವರ್ಷಗಟ್ಟಲೆ ನಡೆದ ಒಂದು ವಾದದ ಕೊನೆಯ ಭಾಗವನ್ನಷ್ಟೇ ಹೇಳುತ್ತಿರುತ್ತಾರೆ, ಆರಂಭ ಸಭಿಕರಿಗೆ ಗೊತ್ತಿದೆ ಎಂದುಕೊಂಡಿರುತ್ತಾರೆ. ಆರಂಭ ಸಿಗುವುದು ಸಮಿತಿಯಲ್ಲಿ. ಅಲ್ಲಿ ಕಿರಿಯರಿಗೆ ಮೊದಲು ಬರುವ ಕೆಲಸ ಟಿಪ್ಪಣಿ ಬರೆಯುವುದು, ಹಳೆಯ ಕೋಡ್‌ಗಳನ್ನು ಹುಡುಕಿ ತರುವುದು, ಉದಾಹರಣೆ ಲೆಕ್ಕ ಮಾಡುವುದು. ಅದನ್ನು ಕೀಳೆಂದುಕೊಳ್ಳಬೇಡಿ. ಟಿಪ್ಪಣಿ ಬರೆಯುವವರಿಗೆ ಮಾತ್ರ ‘ಇದನ್ನು ಏಕೆ ಹೀಗೆ ಮಾಡಿದಿರಿ’ ಎಂದು ಪದೇ ಪದೇ ಕೇಳುವ ಅವಕಾಶ ಇರುತ್ತದೆ. ಹಳೆಯ ಕಟ್ಟಡಗಳ ಸಮಿತಿ ನಿಮ್ಮ ಈಗಿನ ಕೆಲಸಕ್ಕೆ ಹತ್ತಿರವಾದದ್ದು. ಯುವ ಸದಸ್ಯರ ಗುಂಪಿನಲ್ಲಿ ಪಿಇ ತಯಾರಿ ನಡೆಸುವ ಜೊತೆಗಾರರು ಸಿಗುತ್ತಾರೆ. ವೃತ್ತಿಯಲ್ಲಿ ಯಾರು ಉಳಿಯುತ್ತಾರೆ, ಯಾರು ಏಕೆ ಬಿಟ್ಟು ಹೋಗುತ್ತಾರೆ, ಹೆಣ್ಣುಮಕ್ಕಳಿಗೆ ಸಂಬಳ, ಬಡ್ತಿಗಳಲ್ಲಿ ಏನಾಗುತ್ತದೆ ಎಂದು ವಿಚಾರಿಸುವ ಒಂದು ಸಮಿತಿಯನ್ನು ನಿಮ್ಮ ಉತ್ತರದ ಸಂಘವೇ 2015ರಲ್ಲಿ ಆರಂಭಿಸಿತು. ಹಿಂದಿನ ಸಾಲಿನ ಒಂಟಿತನ ಕಾಡುತ್ತಿದ್ದರೆ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.

ಇದರ ಬೆಲೆಯನ್ನೂ ಹೇಳಬೇಕು. ಸಮಿತಿ ಕೆಲಸಕ್ಕೆ ಸಂಬಳವಿಲ್ಲ, ಅದು ನಿಮ್ಮ ಸಂಜೆಗಳನ್ನು ತಿನ್ನುತ್ತದೆ, ಪಿಇ ಓದಿನ ಸಮಯದಿಂದಲೇ ಕಳೆಯುತ್ತದೆ. ಪರೀಕ್ಷೆಯ ದಿನಾಂಕ ಗೊತ್ತಾದ ಮೇಲಿನ ಮೂರ್ನಾಲ್ಕು ತಿಂಗಳು ಎಲ್ಲವನ್ನೂ ಬಿಟ್ಟು ಓದಿ, ಯಾರೂ ತಪ್ಪು ತಿಳಿಯುವುದಿಲ್ಲ. ಒಂದಕ್ಕಿಂತ ಹೆಚ್ಚು ಸಮಿತಿಗೆ ಹೆಸರು ಕೊಡಬೇಡಿ. ಇನ್ನೊಂದು ಎಚ್ಚರಿಕೆ: ಸಭೆಯಲ್ಲಿ ಯಾರಾದರೂ ಶುಲ್ಕದ ಮಾತೆತ್ತಿ, ನಾವೆಲ್ಲ ಇಷ್ಟಕ್ಕಿಂತ ಕಡಿಮೆಗೆ ಕೆಲಸ ಹಿಡಿಯಬಾರದು ಎಂದರೆ ಅದರಲ್ಲಿ ಸೇರಬೇಡಿ. ಎಂಜಿನಿಯರ್‌ಗಳ ರಾಷ್ಟ್ರೀಯ ಸಂಘವೊಂದು ದರದ ಪೈಪೋಟಿಯನ್ನು ನಿಷೇಧಿಸಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿ ಕಾನೂನುಬಾಹಿರವೆಂದು ತೀರ್ಪು ಕೊಟ್ಟಿದೆ. ಅಂದಿನಿಂದ ಸಂಘಗಳು ಈ ವಿಷಯದಲ್ಲಿ ಬಹಳ ಹುಷಾರಾಗಿವೆ.

ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಆ ಕಟ್ಟಡ. ನೀವು ಬರೆದದ್ದನ್ನು ನೋಡಿದರೆ ಇದು ಇಲ್ಲಿ ನಾವು ನಿತ್ಯ ಕಾಣುವ ಜಾತಿಯದು. 1971ರ ಫೆಬ್ರವರಿ 9ರ ಸ್ಯಾನ್ ಫರ್ನಾಂಡೊ ಭೂಕಂಪಕ್ಕೆ ಮೊದಲು ಕಟ್ಟಿದ ಹೆಚ್ಚಿನ ಕಾಂಕ್ರೀಟ್ ಕಾಲಂಗಳಲ್ಲಿ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳು ತೀರ ದೂರ ದೂರ ಇರುತ್ತವೆ, ಅವುಗಳ ಕೊಕ್ಕೆಯನ್ನು ಒಳಗಿನ ಕಾಂಕ್ರೀಟಿಗೆ ಸಿಕ್ಕುವಂತೆ 135 ಡಿಗ್ರಿಗೆ ಬಗ್ಗಿಸದೆ 90ಕ್ಕೇ ಬಿಟ್ಟಿರುತ್ತಾರೆ. ಜೋರಾಗಿ ಅಲುಗಿದಾಗ ಹೊರಪದರ ಉದುರುತ್ತದೆ, ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಒಳಗಿನ ಕಾಂಕ್ರೀಟನ್ನು ಹಿಡಿದಿಡಲು ಏನೂ ಉಳಿಯದೆ ಕಾಲಂ ಪುಡಿಯಾಗುತ್ತದೆ. ಆ ಭೂಕಂಪದಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದ ಆಲಿವ್ ವ್ಯೂ ಆಸ್ಪತ್ರೆಯ ಕೆಳ ಅಂತಸ್ತಿನಲ್ಲಿ ಸುರುಳಿ ಸರಳು ಸುತ್ತಿದ್ದ ಕಾಲಂಗಳು ಜಖಂಗೊಂಡರೂ ಭಾರ ಹೊತ್ತು ನಿಂತವು, ಬಿಡಿ ರಿಂಗ್‌ಗಳಿದ್ದ ಕಾಲಂಗಳು ನುಚ್ಚುನೂರಾದವು. ಒಂದೇ ಕಟ್ಟಡದಲ್ಲಿ, ಒಂದೇ ಕಂಪನದಲ್ಲಿ ಈ ವ್ಯತ್ಯಾಸ ಕಂಡದ್ದರಿಂದ ವಾದಕ್ಕೆ ಅವಕಾಶವೇ ಉಳಿಯಲಿಲ್ಲ. 2001ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಕೆಳಗೆ ಪಾರ್ಕಿಂಗ್‌ಗೆ ತೆರವು ಬಿಟ್ಟ ಬಹುಮಹಡಿ ಕಟ್ಟಡಗಳು ಕುಸಿದದ್ದನ್ನು ನೀವು ಕೇಳಿರುತ್ತೀರಿ. ಅಲ್ಲಿಯೂ ಪೆಟ್ಟು ಬಿದ್ದದ್ದು ನೆಲಮಟ್ಟದ ದುರ್ಬಲ ಕಾಲಂಗಳಿಗೆ.

ಆದ್ದರಿಂದ ನಿಮ್ಮ ತಾಂತ್ರಿಕ ಅನುಮಾನ ಆಧಾರವಿಲ್ಲದ್ದಲ್ಲ. ಆದರೆ ಇಲ್ಲಿ ಎರಡು ಸ್ಥಿತಿಗಳನ್ನು ಬೇರೆ ಮಾಡಿ ನೋಡಬೇಕು. ದೊಡ್ಡ ಭೂಕಂಪ ಬಂದರೆ ಈ ಕಟ್ಟಡ ಕುಸಿಯಬಹುದು ಎನ್ನುವುದು ಒಂದು. ಇದೀಗ, ಭೂಕಂಪವಿಲ್ಲದೆಯೂ, ಸ್ವಂತ ಭಾರಕ್ಕೇ ಅಪಾಯ ಕಾಣುತ್ತಿದೆ, ಕಾಲಂ ಬಿರಿದಿದೆ, ಸ್ಲ್ಯಾಬ್ ಜಗ್ಗಿದೆ, ಸರಳು ತುಕ್ಕು ಹಿಡಿದು ಹೊರಬಂದಿದೆ ಎನ್ನುವುದು ಇನ್ನೊಂದು. ಕಟ್ಟಡವನ್ನು ಪರೀಕ್ಷಿಸಲು ನೇಮಕಗೊಂಡ ನೋಂದಾಯಿತ ಎಂಜಿನಿಯರ್‌ಗೆ ಅದರಲ್ಲಿರುವವರ ಜೀವಕ್ಕೆ ಸನ್ನಿಹಿತ ಅಪಾಯ ಕಂಡುಬಂದು, ಮಾಲೀಕ ಸರಿಪಡಿಸಲೊಪ್ಪದೆ ಗುಟ್ಟಾಗಿಡಿ ಎಂದರೂ, ಅಲ್ಲಿರುವವರಿಗೆ ತಿಳಿಸುವ ಕರ್ತವ್ಯ ಎಂಜಿನಿಯರ್‌ಗೆ ಇದೆ, ಅದು ಸಾಧ್ಯವಿಲ್ಲದಿದ್ದರೆ ಸ್ಥಳೀಯ ಕಟ್ಟಡ ಅಧಿಕಾರಿಗೆ ತಿಳಿಸಬೇಕು ಎಂದು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ 1985ರಲ್ಲಿ ಅಭಿಪ್ರಾಯ ಕೊಟ್ಟಿದ್ದಾರೆ. ಎರಡನೆಯ ಸ್ಥಿತಿಯಾದರೆ ಒಂದು ದಿನವೂ ಕಾಯಬಾರದು. ಮೊದಲನೆಯದು ಯಾವಾಗ ಸನ್ನಿಹಿತ ಅಪಾಯವಾಗುತ್ತದೆ ಎಂಬುದು ಎಂಜಿನಿಯರಿಂಗ್ ತೀರ್ಮಾನವೂ ಹೌದು, ಕಾನೂನಿನ ಪ್ರಶ್ನೆಯೂ ಹೌದು. ಅದನ್ನು ನಿಮ್ಮ ಕಂಪನಿಯ ಹೊಣೆ ಹೊತ್ತ ಎಂಜಿನಿಯರ್ ವಕೀಲರೊಂದಿಗೆ ಕೂತು ನಿರ್ಧರಿಸಬೇಕು. ನಾನು ವಕೀಲನಲ್ಲ, ನೀವು ಇನ್ನೂ ಲೈಸೆನ್ಸ್ ಪಡೆದವರಲ್ಲ, ನಾವಿಬ್ಬರೂ ಅದನ್ನು ಪತ್ರದಲ್ಲಿ ತೀರ್ಮಾನಿಸುವಂತಿಲ್ಲ.

ಹಾಗಾದರೆ ಸಂಘದ ಸಮಿತಿಯಲ್ಲಿ ಎತ್ತಬಹುದೇ? ಕಟ್ಟಡದ ಹೆಸರು, ಬೀದಿ, ಮಾಲೀಕರು, ಗುರುತು ಹತ್ತುವ ಫೋಟೊ ಇವುಗಳೊಂದಿಗೆ ಎತ್ತಲೇಬಾರದು. ನಿಮ್ಮ ಕಂಪನಿ ಗ್ರಾಹಕರ ಗುಟ್ಟು ಕಾಯುವುದಾಗಿ ಒಪ್ಪಂದ ಮಾಡಿಕೊಂಡಿರುತ್ತದೆ, ಅದನ್ನು ಮುರಿದರೆ ನಿಮ್ಮ ಕೆಲಸಕ್ಕೂ ಕಂಪನಿಗೂ ನಿಜವಾಗಿಯೂ ತೊಂದರೆ. ಅದಕ್ಕಿಂತ ಮುಖ್ಯವಾಗಿ, ಸಂಘಕ್ಕೆ ಆ ಕಟ್ಟಡದ ಮೇಲೆ ಯಾವ ಅಧಿಕಾರವೂ ಇಲ್ಲ. ಅದು ನೋಟಿಸ್ ಕೊಡಲಾರದು, ಬೀಗ ಹಾಕಲಾರದು, ತಪಾಸಣೆಗೆ ಹೋಗಲಾರದು. ಅಲ್ಲಿ ಹೇಳಿ ಹೊಣೆ ಕಳೆದುಕೊಂಡೆ ಎಂಬ ಸಮಾಧಾನವಷ್ಟೇ ನಿಮಗೆ ಉಳಿದೀತು, ಕಟ್ಟಡದಲ್ಲಿರುವವರಿಗೆ ಏನೂ ಬದಲಾಗಿರುವುದಿಲ್ಲ. ವೃತ್ತಿಯ ಆರಂಭದಲ್ಲಿ ನಾನೇ ಒಮ್ಮೆ ಈ ತಪ್ಪು ಮಾಡಿದ್ದೇನೆ. ಒಂದು ಗೋದಾಮಿನ ಬಗ್ಗೆ ಸಭೆಯಲ್ಲಿ ಬಾಯಿ ತಪ್ಪಿ ಊರಿನ ಹೆಸರು ಹೇಳಿದೆ. ಅದೇ ಮೇಜಿನಲ್ಲಿ ಮಾಲೀಕರ ಪರಿಚಯದವರೊಬ್ಬರಿದ್ದರು. ಕೆಲಸ ನಮ್ಮ ಕೈತಪ್ಪಿತು, ಗೋದಾಮಿನ ಗೋಡೆಯನ್ನು ಬಿಗಿಗೊಳಿಸುವ ಮಾತುಕತೆಯೂ ಅಲ್ಲಿಗೇ ನಿಂತಿತು. ಇಂದಿಗೂ ಅದನ್ನು ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಗುರುತನ್ನೆಲ್ಲ ತೆಗೆದು, ಕಂಪನಿಯ ಒಪ್ಪಿಗೆ ಪಡೆದು, ತಾಂತ್ರಿಕ ಪ್ರಶ್ನೆಯನ್ನಷ್ಟೇ ಕೇಳಬಹುದು. ಇಂಥ ಕಾಲಂಗೆ ಕಾರ್ಬನ್ ನಾರಿನ ಹೊದಿಕೆ ಸುತ್ತಿದರೆ ಸಾಕೇ, ಹೊಸ ಕಾಂಕ್ರೀಟ್ ಗೋಡೆಗಳನ್ನು ಸೇರಿಸಿ ಅಲುಗಾಟವನ್ನೇ ಕಡಿಮೆ ಮಾಡಬೇಕೇ, ಬಾಡಿಗೆದಾರರು ಒಳಗಿರುವಾಗಲೇ ಹಂತ ಹಂತವಾಗಿ ಮಾಡಿದ ಅನುಭವ ಯಾರಿಗಿದೆ ಎಂದು ಕೇಳಿ ನೋಡಿ, ಇಡೀ ಸಮಿತಿ ಮಾತಿಗಿಳಿಯುತ್ತದೆ. ಅಲ್ಲಿ ಸಿಕ್ಕ ಮಾತು ವ್ಯಕ್ತಿಗಳ ಅಭಿಪ್ರಾಯ, ಅದನ್ನು ಸಂಘದ ನಿಲುವೆಂದು ವರದಿಯಲ್ಲಿ ಬರೆಯಬೇಡಿ. ಸಂಘದಿಂದ ಆಗುವ ದೊಡ್ಡ ಉಪಕಾರ ಒಂದೊಂದು ಕಟ್ಟಡಕ್ಕೆ ಆಗುವಂಥದ್ದಲ್ಲ, ಆ ಇಡೀ ಜಾತಿಯ ಕಟ್ಟಡಗಳಿಗೆ ಆಗುವಂಥದ್ದು. ಲಾಸ್ ಏಂಜಲಿಸ್ ನಗರ 2015ರಲ್ಲಿ ಹಳೆಯ ಕಾಂಕ್ರೀಟ್ ಕಟ್ಟಡಗಳನ್ನು 25 ವರ್ಷಗಳೊಳಗೆ ಬಲಪಡಿಸಲೇಬೇಕೆಂದು ಕಾನೂನು ಮಾಡಿತು, ಕೆಳ ಅಂತಸ್ತು ದುರ್ಬಲವಾದ ಮರದ ಕಟ್ಟಡಗಳಿಗೆ ಏಳು ವರ್ಷ ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊ ಅಂಥ ಮರದ ಕಟ್ಟಡಗಳಿಗೆ 2013ರಲ್ಲೇ ಕಡ್ಡಾಯ ಮಾಡಿತ್ತು. ವರದಿ ಪಡೆದು ಸುಮ್ಮನಾಗುವ ಮಾಲೀಕರು ಎದ್ದು ಕೂರುವುದು ಇಂಥ ಕಾನೂನು ಬಂದಾಗ. ಅದರ ತಾಂತ್ರಿಕ ಭಾಗ ಸರಿಯಾಗಿರಬೇಕಾದರೆ ಇಂಥ ಕಾಲಂಗಳನ್ನು ಕಣ್ಣಾರೆ ಕಂಡ ನಿಮ್ಮಂಥವರು ಸಮಿತಿಯಲ್ಲಿರಬೇಕು.

ಆ ಕಟ್ಟಡಕ್ಕಾಗಿ ಈಗ ನೀವು ಮಾಡಬೇಕಾದದ್ದು ನಿಮ್ಮ ಆಫೀಸಿನ ಒಳಗೇ ಇದೆ. ನೀವು ಕಂಡದ್ದನ್ನು, ಯಾವ ಕಾಲಂ, ರಿಂಗ್‌ಗಳ ಅಂತರ ಎಷ್ಟು, ಅದು ನಕ್ಷೆಯಿಂದ ತಿಳಿದದ್ದೋ ಕೆರೆದು ನೋಡಿದ್ದೋ ಎಂಬುದನ್ನು ದಿನಾಂಕ ಸಮೇತ ಬರೆದು, ವರದಿಗೆ ಸಹಿ ಮಾಡಿದ ಎಂಜಿನಿಯರ್‌ಗೆ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಉಳಿಯುವುದಿಲ್ಲ. ವರದಿಯ ಭಾಷೆಯನ್ನೂ ಇನ್ನೊಮ್ಮೆ ಓದಿ. ‘ಪ್ರಸ್ತುತ ಮಾನದಂಡಗಳಿಗೆ ಅನುಗುಣವಾಗಿಲ್ಲ’ ಎಂದಷ್ಟೇ ಬರೆದಿದ್ದರೆ ಮಾಲೀಕರು ಅದನ್ನು ಹಳೆಯ ಕಟ್ಟಡಕ್ಕೆ ಸಹಜವಾದ ಮಾತೆಂದು ಬದಿಗಿಟ್ಟಿರಬಹುದು. ದೊಡ್ಡ ಕಂಪನದಲ್ಲಿ ಈ ಅಂತಸ್ತು ಕುಸಿಯುವ ಸಾಧ್ಯತೆಯಿದೆ, ಮೊದಲ ಹಂತದಲ್ಲಿ ಇಂಥ ಕಾಲಂಗಳನ್ನು ಸರಿಪಡಿಸಿದರೆ ಅಪಾಯ ಇಷ್ಟು ತಗ್ಗುತ್ತದೆ, ಖರ್ಚಿನ ಅಂದಾಜು ಇದು ಎಂದು ಪೂರಕ ಪತ್ರ ಬರೆದರೆ ಅವರು ಮತ್ತೆ ಮಾತಿಗೆ ಬರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಒಂದೇ ಸಲಕ್ಕೆ ಕೋಟಿಗಟ್ಟಲೆ ಕೇಳಿದಾಗ ಬೆನ್ನು ತಿರುಗಿಸಿದವರು ಮೂರು ಹಂತಕ್ಕೆ ಒಪ್ಪಿದ್ದುಂಟು. ನಿಮ್ಮ ಹಿರಿಯರು ಇದನ್ನೂ ತಳ್ಳಿಹಾಕಿದರೆ, ಮತ್ತು ಅಪಾಯ ಸನ್ನಿಹಿತ ಎಂದು ನಿಮಗೆ ಪ್ರಾಮಾಣಿಕವಾಗಿ ಅನ್ನಿಸಿದರೆ, ಸ್ವಂತ ವಕೀಲರ ಸಲಹೆ ಪಡೆದು ನಗರದ ಕಟ್ಟಡ ಅಧಿಕಾರಿಯ ಬಳಿ ಹೋಗುವ ದಾರಿ ತೆರೆದಿದೆ. ಅದರಿಂದ ಕೆಲಸಕ್ಕೆ ಕುತ್ತು ಬರಬಹುದು, ನೀವು ವೀಸಾದಲ್ಲಿದ್ದರೆ ಆ ಕುತ್ತು ಇನ್ನೂ ದೊಡ್ಡದು, ಅದನ್ನು ಮುಚ್ಚಿಟ್ಟು ಸಲಹೆ ಕೊಡಲಾರೆ.

ಸಂಘ ನಡೆಸುವ ಭೂಕಂಪೋತ್ತರ ತಪಾಸಣೆಯ ತರಬೇತಿಯ ಬಗ್ಗೆಯೂ ಒಂದು ಮಾತು. ಒಳಗೆ ಹೋಗುವುದು ಎಷ್ಟು ಸುರಕ್ಷಿತ ಎಂದು ತೋರಿಸಲು ಕಟ್ಟಡಗಳಿಗೆ ಹಸಿರು, ಹಳದಿ, ಕೆಂಪು ಚೀಟಿ ಅಂಟಿಸುವ ಪದ್ಧತಿಯ ಕೈಪಿಡಿ 1989ರಲ್ಲಿ ಹೊರಬಂತು, ಅದೇ ಅಕ್ಟೋಬರ್ 17ರಂದು ಲೋಮಾ ಪ್ರಿಯೇಟಾ ಭೂಕಂಪವಾಗಿ ಅದು ಕೂಡಲೇ ಬಳಕೆಗೆ ಬಂತು. ಅದನ್ನು ಸಿದ್ಧಪಡಿಸಿದ ಸಂಸ್ಥೆಯನ್ನು 1973ರಲ್ಲಿ ಸ್ಥಾಪಿಸಿದ್ದು ನಿಮ್ಮ ರಾಜ್ಯ ಸಂಘವೇ. ಭೂಕಂಪದ ನಂತರ ಸರ್ಕಾರದ ಕೋರಿಕೆಯ ಮೇಲೆ ಸಂಬಳವಿಲ್ಲದೆ ಇಂಥ ತಪಾಸಣೆ ಮಾಡುವ ಎಂಜಿನಿಯರ್‌ಗೆ ಕ್ಯಾಲಿಫೋರ್ನಿಯಾದ ಕಾನೂನು ರಕ್ಷಣೆ ಕೊಡುತ್ತದೆ, ತೀವ್ರ ನಿರ್ಲಕ್ಷ್ಯವಿದ್ದರೆ ಆ ರಕ್ಷಣೆ ಇಲ್ಲ. ಆದರೆ ಅದು ಅಂಥ ತುರ್ತು ತಪಾಸಣೆಗೆ ಮಾತ್ರ. ಸಂಘದ ಸದಸ್ಯೆ ಎಂಬ ಕಾರಣಕ್ಕೆ ನಿಮ್ಮ ದಿನನಿತ್ಯದ ಮಾತಿಗೆ ಯಾವ ಕವಚವೂ ಇಲ್ಲ. ಪಿಇ ಕೈಗೆ ಬಂದ ವರ್ಷವೇ ಈ ತರಬೇತಿ ಪಡೆಯಿರಿ.

ಸದ್ಯಕ್ಕೆ, ಈ ವಾರವೇ ಆ ಟಿಪ್ಪಣಿ ಬರೆದು ನಿಮ್ಮ ಹಿರಿಯರ ಜೊತೆ ಒಂದು ಗಂಟೆ ಸಮಯ ಕೇಳಿ. ಹಳೆಯ ಕಟ್ಟಡಗಳ ಸಮಿತಿಯ ಅಧ್ಯಕ್ಷರಿಗೆ, ಕಾಂಕ್ರೀಟ್ ಕಾಲಂಗಳ ಬಗ್ಗೆ ಕೆಲಸ ಮಾಡುತ್ತಿದ್ದೇನೆ, ಟಿಪ್ಪಣಿ ಬರೆಯಲು ಬರಬಹುದೇ ಎಂದು ಎರಡು ಸಾಲು ಕಳಿಸಿ. ಮುಂದಿನ ತಿಂಗಳ ಸಭೆಗೆ ಹೋದಾಗ, ಉಪನ್ಯಾಸದ ಪ್ರತಿಯನ್ನು ಮೊದಲೇ ಕೇಳಿ ಪಡೆದು ಓದಿಕೊಂಡು, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.